ಕಕ್ಷಿದಾರನ ಹಣದ ಲೆಕ್ಕ ಯಾರ ಹೆಸರಿನಲ್ಲಿ?

ವಕೀಲರ ಕಚೇರಿಗೆ ಬರುವ ಹಣವೆಲ್ಲ ವಕೀಲರದಲ್ಲ. ಫೀಸು ಅವರದು, ಸರಿ. ಆದರೆ ಕೋರ್ಟು ಖರ್ಚಿಗೆಂದು ಮೊದಲೇ ಕೊಟ್ಟ ಹಣ, ರಾಜಿಯಾದಾಗ ಎದುರು ಪಕ್ಷದವರು ಕಟ್ಟಿದ ಹಣ, ಅಪಘಾತದ ಪರಿಹಾರ, ಇವು ಕಕ್ಷಿದಾರನವು. ಕೆಲವು ದಿನ ವಕೀಲರ ಕೈಯಲ್ಲಿ ತಂಗುತ್ತವೆ, ಅಷ್ಟೆ. ಅಂಗಡಿ ಇಟ್ಟಿರುವ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಖತಾವಣಿಗಳಲ್ಲಿ ಅನಾಮತ್ತು ಎಂಬ ಖಾತೆ ಇರುತ್ತಿತ್ತು. ಪರರ ಹಣ, ಕೇಳಿದಾಗ ಕೊಡತಕ್ಕದ್ದು, ಲಾಭದ ಲೆಕ್ಕಕ್ಕೆ ಸೇರಕೂಡದ್ದು.

ಅಮೆರಿಕದ ವಕೀಲರು ಈ ಅನಾಮತ್ತಿಗೆ ಟ್ರಸ್ಟ್ ಅಕೌಂಟ್ ಎನ್ನುತ್ತಾರೆ. ಕಕ್ಷಿದಾರರ ಹಣವನ್ನು ತನ್ನ ಹಣದೊಡನೆ ಬೆರೆಸಕೂಡದು, ಪ್ರತ್ಯೇಕ ಬ್ಯಾಂಕು ಖಾತೆಯಲ್ಲಿ ಇಡಬೇಕು ಎಂಬುದು ಅಲ್ಲಿಯ ವೃತ್ತಿನಿಯಮ. ಇಂಗ್ಲೆಂಡಿನಲ್ಲಿ 1933ರ ಕಾನೂನಿನ ಮೇರೆಗೆ 1935ರಲ್ಲಿಯೇ ಇಂಥ ನಿಯಮಗಳು ಬಂದವು. ಸಣ್ಣ ಸಣ್ಣ ಮೊತ್ತಗಳನ್ನು ಒಂದೇ ಖಾತೆಯಲ್ಲಿ ಕೂಡಿಟ್ಟಾಗ ಬರುವ ಬಡ್ಡಿ ಬಡವರ ಕಾನೂನು ನೆರವಿಗೆ ಹೋಗುವ ಏರ್ಪಾಟು 1981ರಲ್ಲಿ ಫ್ಲಾರಿಡಾದಲ್ಲಿ ಮೊದಲಾಗಿ ಉಳಿದ ರಾಜ್ಯಗಳಿಗೂ ಹಬ್ಬಿತು. ಬಂಡವಾಳಶಾಹಿಯ ದೇಶವೆಂದು ನಾವು ಎಷ್ಟೇ ಟೀಕಿಸಿದರೂ ಇದು ಮೆಚ್ಚತಕ್ಕ ಕೆಲಸವೇ.

ಆದರೆ ಬೇರೆ ಖಾತೆ ತೆರೆದ ಮಾತ್ರಕ್ಕೆ ಹಣ ಕ್ಷೇಮವಾಗಿರುವುದಿಲ್ಲ. ಹೇಗೆಂಬುದನ್ನು ನಮ್ಮ ರೂಪಾಯಿಯಲ್ಲೇ ನೋಡೋಣ. ಒಬ್ಬ ವಕೀಲರ ಟ್ರಸ್ಟ್ ಖಾತೆಯಲ್ಲಿ ಮೂವರ ಹಣವಿದೆ. ಗಂಡನನ್ನು ಕಳೆದುಕೊಂಡ ಹೆಂಗಸಿನದು 5,00,000, ಒಬ್ಬ ಅಂಗಡಿಯವನದು 40,000, ಒಬ್ಬ ಗಿರಣಿ ಕಾರ್ಮಿಕನದು 10,000. ಒಟ್ಟು 5,50,000. ಕಾರ್ಮಿಕನ ಮೊಕದ್ದಮೆಗಾಗಿ ವಕೀಲರು 25,000 ರೂಪಾಯಿಗೆ ಒಂದು ಚೆಕ್ಕು ಬರೆದರು ಎನ್ನಿ. ಬ್ಯಾಂಕು ಮರುಮಾತಿಲ್ಲದೆ ಕೊಡುತ್ತದೆ. ಅದಕ್ಕೆ ಕಾಣುವುದು ಒಟ್ಟು ಮೊತ್ತ ಒಂದೇ. ಕಾರ್ಮಿಕನಿಗೆ ಇದ್ದದ್ದು ಹತ್ತು ಸಾವಿರ ಮಾತ್ರ. ಉಳಿದ 15,000 ಯಾರದು? ಆ ಹೆಂಗಸಿನದು, ಇಲ್ಲವೆ ಆ ಅಂಗಡಿಯವನದು. ಅವರಿಬ್ಬರಿಗೂ ಇದರ ಸುಳಿವೇ ಇಲ್ಲ.

ಆದ್ದರಿಂದಲೇ ಪ್ರತಿಯೊಂದು ಪಾವತಿಯೂ ಒಬ್ಬ ಕಕ್ಷಿದಾರನ ಹೆಸರಿಗೆ, ಒಂದು ಮೊಕದ್ದಮೆಗೆ, ದಾಖಲಾಗಬೇಕು: ಯಾವ ತಾರೀಖು, ಯಾರಿಗೆ ಕೊಟ್ಟದ್ದು, ಏತಕ್ಕೆ, ಕೊಟ್ಟ ಮೇಲೆ ಅವನ ಶಿಲ್ಕು ಎಷ್ಟು. ಈಗ ಅಲ್ಲಿಯ ಕಚೇರಿಗಳಲ್ಲಿ ಈ ಕೆಲಸಕ್ಕೆಂದೇ ಕಂಪ್ಯೂಟರ್ ಸಾಫ್ಟ್‌ವೇರ್ ಇದೆ. ಟ್ರಸ್ಟ್ ಖಾತೆಗೆ ಹಣ ಬಂದಾಗ ಅದನ್ನು ಆದಾಯವೆಂದು ಬರೆಯುವುದಿಲ್ಲ, ಕೊಡಬೇಕಾದ ಬಾಕಿ ಎಂದು ಬರೆಯುತ್ತದೆ. ಫೀಸಿನ ಬಿಲ್ಲು ಮಾಡಿದ ಮೇಲೆ ಮಾತ್ರ ಅಷ್ಟು ಹಣ ಕಚೇರಿಯ ಖಾತೆಗೆ ಹೋಗಬೇಕು. ಒಬ್ಬ ಕಕ್ಷಿದಾರನ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುವಂತಿದ್ದರೆ ಒಳ್ಳೆಯ ಸಾಫ್ಟ್‌ವೇರ್ ಎಚ್ಚರಿಸುತ್ತದೆ, ಇಲ್ಲವೆ ತಡೆದೇ ಬಿಡುತ್ತದೆ.

ತಿಂಗಳಿಗೊಮ್ಮೆ ಮೂರು ಲೆಕ್ಕ ಸರಿಹೊಂದಿಸುವ ಪದ್ಧತಿಯೂ ಇದೆ. ಬ್ಯಾಂಕಿನ ತಖ್ತೆ, ಕಚೇರಿಯ ಕಿರ್ದಿ, ಎಲ್ಲ ಕಕ್ಷಿದಾರರ ಶಿಲ್ಕುಗಳ ಮೊತ್ತ, ಈ ಮೂರೂ ಒಂದೇ ಆಗಿರಬೇಕು. ಚೆಕ್ಕನ್ನು ಯಾರ ಹೆಸರಿಗೂ ಹಾಕದೆ ಸುಮ್ಮನೆ 'ಇತರ ಖರ್ಚು' ಎಂದು ಬರೆದರೆ ಮೊದಲಿನ ಎರಡು ಹೊಂದುತ್ತವೆ, ಮೂರನೆಯದು ಹೊಂದುವುದಿಲ್ಲ. ಕಳ್ಳ ಲೆಕ್ಕ ಸಿಕ್ಕಿಬೀಳುವುದು ಆ ಮೂರನೆಯದರಲ್ಲಿ. ಶಾಲೆಯಲ್ಲಿ ಲೆಕ್ಕದ ಉತ್ತರವನ್ನು ಇನ್ನೊಂದು ದಾರಿಯಿಂದ ತಾಳೆ ನೋಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೆವಲ್ಲ, ಅದೇ ಇದು.

ಹಾಗಾದರೆ ಯಂತ್ರ ಬಂದ ಮೇಲೆ ಮೋಸ ನಿಂತಿತೆ? ಲಾಸ್ ಏಂಜಲೀಸಿನ ಟಾಮ್ ಜಿರಾರ್ಡಿಯ ಕಥೆ ಕೇಳಿ. ದೊಡ್ಡ ದೊಡ್ಡ ಕಂಪನಿಗಳ ಮೇಲೆ ಬಡವರ ಪರವಾಗಿ ವಾದಿಸಿ ಹೆಸರಾಗಿದ್ದ ವಕೀಲ ಆತ. 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯದ ಲಯನ್ ಏರ್ ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಸತ್ತವರ ಕೆಲವು ಮನೆಯವರ ಪರಿಹಾರದ ಹಣ ಜಿರಾರ್ಡಿಯ ಸಂಸ್ಥೆಗೆ ಬಂತು. ಆ ಮನೆಗಳಿಗೆ ಪೂರ್ತಿ ತಲುಪಲಿಲ್ಲ. 2020ರ ಡಿಸೆಂಬರಿನಲ್ಲಿ ಷಿಕಾಗೊದ ನ್ಯಾಯಾಧೀಶರು ಆತನ ಆಸ್ತಿಯನ್ನು ಸ್ತಂಭನಗೊಳಿಸಿದರು. 2022ರಲ್ಲಿ ಸನದು ಹೋಯಿತು. ಬೇರೆ ಕಕ್ಷಿದಾರರ ಹಣ ನುಂಗಿದ ಮೊಕದ್ದಮೆಯಲ್ಲಿ 2024ರ ಆಗಸ್ಟಿನಲ್ಲಿ ಜ್ಯೂರಿ ಅಪರಾಧಿಯೆಂದಿತು. 2025ರ ಜೂನಿನಲ್ಲಿ 7 ವರ್ಷ 3 ತಿಂಗಳ ಸಜೆಯಾಯಿತು. ಸಂಸ್ಥೆಯ ಲೆಕ್ಕಪತ್ರದ ಮುಖ್ಯಸ್ಥನೂ ತಪ್ಪೊಪ್ಪಿಕೊಂಡ. ಅಂದರೆ ಪುಸ್ತಕ ಬರೆಯುವ ಕೈಯೇ ಪಾಲುಗಾರ ಕೈ! ಹೊಸ ಕಕ್ಷಿದಾರನ ಹಣದಿಂದ ಹಳಬನ ಬಾಯಿ ಮುಚ್ಚಿಸುವುದು ಅಲ್ಲಿಯ ದಾರಿಯಾಗಿತ್ತು. ವರ್ಷಾನುಗಟ್ಟಲೆ ಆತನ ಮೇಲೆ ಇನ್ನೂರಕ್ಕೂ ಹೆಚ್ಚು ದೂರುಗಳು ಬಂದಿದ್ದುವೆಂದು ಅಲ್ಲಿಯ ವಕೀಲರ ಸಂಸ್ಥೆಯೇ ಆಮೇಲೆ ಪ್ರಕಟಿಸಿತು. ಆಮೇಲೆ!

ಆ ಹಗರಣದ ನಂತರ, 2023ರಿಂದ, ಕ್ಯಾಲಿಫೋರ್ನಿಯದ ವಕೀಲರು ತಮ್ಮ ಟ್ರಸ್ಟ್ ಖಾತೆಗಳ ವಿವರವನ್ನು ವರ್ಷಕ್ಕೊಮ್ಮೆ ಕೊಟ್ಟು, ನಿಯಮ ಪಾಲಿಸುತ್ತಿದ್ದೇವೆಂದು ಬರೆದುಕೊಡಬೇಕು. ತಾನೇ ಬರೆದುಕೊಟ್ಟ ಮಾತನ್ನು ಹೊರಗಿನವರು ಪರೀಕ್ಷಿಸದಿದ್ದರೆ ಅದಕ್ಕೆ ಬೆಲೆ ಎಷ್ಟು? ಪುಸ್ತಕ ಯಾರ ಹಣದ್ದೋ ಅವನು ಅದನ್ನು ನೋಡುವಂತಿರಬೇಕು. ಇದೇ ನಮ್ಮ ವಾದ.

ಈಗ ನಮ್ಮ ನಾಡಿನ ಮಾತು. 1961ರ ವಕೀಲರ ಕಾಯಿದೆಯ ಮೇರೆಗೆ ಭಾರತೀಯ ವಕೀಲರ ಪರಿಷತ್ತು ಮಾಡಿದ ನಡತೆಯ ನಿಯಮಗಳಲ್ಲಿ 25ರಿಂದ ಮುಂದಿನವು ಇದಕ್ಕೇ ಸಂಬಂಧಿಸಿದವು. ಕಕ್ಷಿದಾರನ ಹಣಕ್ಕೆ ವಕೀಲರು ಲೆಕ್ಕ ಇಡಬೇಕು. ಬಂದ ಹಣ ಫೀಸಿಗೋ ಖರ್ಚಿಗೋ ಎಂಬುದನ್ನು ಬರೆಯಬೇಕು. ಮೊಕದ್ದಮೆ ನಡೆಯುತ್ತಿರುವಾಗ ಖರ್ಚಿನ ಹಣವನ್ನು ಕಕ್ಷಿದಾರನ ಲಿಖಿತ ಒಪ್ಪಿಗೆಯಿಲ್ಲದೆ ಫೀಸಿಗೆ ತಿರುಗಿಸಕೂಡದು. ಅವನ ಪರವಾಗಿ ಹಣ ಬಂದರೆ ಆದಷ್ಟು ಬೇಗ ತಿಳಿಸಬೇಕು. ಗೆದ್ದ ಹಣದಲ್ಲಿ ಇಷ್ಟು ಪಾಲೆಂದು ಕರಾರು ಮಾಡಿಕೊಳ್ಳುವುದನ್ನು 20ನೆಯ ನಿಯಮ ನಿಷೇಧಿಸಿದೆ. ಇದನ್ನು ಅಪಘಾತದ ಮೊಕದ್ದಮೆ ಹಾಕಿರುವವರು ನೆನಪಿನಲ್ಲಿಡಲಿ.

ನಿಯಮ ಚೆನ್ನಾಗಿದೆ. ಆದರೆ ಬೇರೆ ಬ್ಯಾಂಕು ಖಾತೆ ಇಡಬೇಕೆಂಬ ಮಾತು ಈ ನಿಯಮಗಳಲ್ಲಿ ಇಲ್ಲ. ತಿಂಗಳಿಗೊಮ್ಮೆ ತಾಳೆ ನೋಡಬೇಕೆಂದೂ ಇಲ್ಲ. ಫಲವೇನು? ಉತ್ತರ ಪ್ರದೇಶದ ಲಖೀಂಪುರ ಖೀರಿಯ ಕಡೆ, ಸರಕಾರಕ್ಕೆ ಹೋದ ಜಮೀನಿಗಾಗಿ ಓದುಬರಹ ಬಾರದ ಒಬ್ಬ ಬಡ ಮುದುಕನಿಗೆ ಬರಬೇಕಾಗಿದ್ದ ಪರಿಹಾರ 8,118 ರೂಪಾಯಿ. ವಕೀಲರು 1987ರ ಸೆಪ್ಟೆಂಬರಿನಲ್ಲಿ ಅದನ್ನು ಕೋರ್ಟಿನಿಂದ ಪಡೆದರು, ಮುದುಕನಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಪರಿಷತ್ತು ಮೂರು ವರ್ಷದ ಅಮಾನತು ಸಾಕೆಂದಿತು. ಸಾಲದೆಂದು ಸನದನ್ನೇ ತೆಗೆದುಹಾಕಿದ್ದು ಸುಪ್ರೀಂ ಕೋರ್ಟು, 2002ರಲ್ಲಿ. ಎಂಟು ಸಾವಿರದ ಲೆಕ್ಕಕ್ಕೆ ಹದಿನೈದು ವರ್ಷ ಬೇಕಾಯಿತು.

ಬಹುಮಂದಿ ವಕೀಲರು ಪ್ರಾಮಾಣಿಕರೆಂಬುದನ್ನು ನಾವು ಬಲ್ಲೆವು. ಕಕ್ಷಿದಾರರ ಹೆಸರಿನ ಪ್ರತ್ಯೇಕ ಖಾತೆ ಅವರಿಗೇ ಹೆಚ್ಚು ಅನುಕೂಲ, ಅನುಮಾನಕ್ಕೆ ಎಡೆಯಿರುವುದಿಲ್ಲ. ಪರಿಷತ್ತು ಅದನ್ನು ಕಡ್ಡಾಯ ಮಾಡಲಿ. ಸಾಫ್ಟ್‌ವೇರ್ ಕೊಳ್ಳಲಾಗದ ಚಿಕ್ಕ ವಕೀಲರಿಗೆ ಒಂದು ಗೆರೆ ಹಾಕಿದ ಪುಸ್ತಕ ಸಾಕು. ಹಣ ಬಂದ ದಿನವೂ ಹೋದ ದಿನವೂ ಕಕ್ಷಿದಾರನ ಫೋನಿಗೆ ಒಂದು ಸಂದೇಶ ಹೋಗಲಿ. ಬ್ಯಾಂಕುಗಳು ಮಾಡುತ್ತಿರುವ ಕೆಲಸ ವಕೀಲರ ಕಚೇರಿಗೆ ಏಕೆ ಅಸಾಧ್ಯ?

ಅದಾಗುವವರೆಗೆ, ಕೋರ್ಟಿನಲ್ಲಿ ಮೊಕದ್ದಮೆಯಿರುವ ಗಿರಣಿಯ ಬಂಧುಗಳೂ ವ್ಯಾಪಾರಿಗಳೂ ಹಣ ಕೊಡುವಾಗ ಫೀಸಿಗೆಷ್ಟು, ಖರ್ಚಿಗೆಷ್ಟು ಎಂದು ಬೇರೆ ಬೇರೆ ಬರೆಸಿದ ರಶೀದಿ ಕೇಳಿರಿ. 30ನೆಯ ನಿಯಮದಂತೆ, ನಕಲಿನ ಖರ್ಚು ಕಟ್ಟಿ ಕೇಳಿದರೆ ವಕೀಲರು ನಿಮ್ಮ ಲೆಕ್ಕದ ಪ್ರತಿ ಕೊಡಲೇಬೇಕು. ಲಿಖಿತವಾಗಿ, ತಾರೀಖು ಹಾಕಿ ಕೇಳಿರಿ. ಕೊಡದಿದ್ದರೆ ಆ ಪತ್ರದ ನಕಲನ್ನೂ ರಶೀದಿಗಳನ್ನೂ ಇಟ್ಟು ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತಿಗೆ ದೂರು ಬರೆಯಿರಿ.