ಸೂಜಿಗೆ ಮುಂಚೆ ಚೀಟಿ ನೋಡಿ

ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೆ ಬಂದವರು ಹೊಯ್ಸಳ ಲಾಂಛನದ ಎದುರು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅಲ್ಲಿನ ಕೋಡಿಮಠದ 1162ರ ಶಾಸನದತ್ತ ತಿರುಗುವವರು ಕಡಿಮೆ. ವೇದ, ವ್ಯಾಕರಣಗಳನ್ನು ಕಲಿಸುವ ಜಾಗವೆಂದು ಮಠವನ್ನು ಹೊಗಳಿದ ಆ ಶಾಸನ ಅಷ್ಟಕ್ಕೇ ನಿಲ್ಲುವುದಿಲ್ಲ. ಬಡವರು, ಕುರುಡರು, ಕುಂಟರು, ಕಿವುಡರಿಗೆ ಅನ್ನ ಸಿಗುವ, ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಸಿಗುವ ಠಾವೂ ಇದೇ ಎನ್ನುತ್ತದೆ. ಬಡವರ ಚಿಕಿತ್ಸೆಯನ್ನು ಕಲ್ಲಿನಲ್ಲಿ ಕೊರೆಸಿಟ್ಟ ಸೀಮೆ ಇದು. ಇಲ್ಲಿ ನಿಂತು ಒಂದು ಮಾತು ಕೇಳುತ್ತೇನೆ: ಪೊರೆ ತೆಗೆಸಿಕೊಳ್ಳಲು ಮಲಗಿದ ಅಜ್ಜಿಯ ಕಣ್ಣಿನ ಹಿಂದಕ್ಕೆ ಸೂಜಿ ಇಳಿಸುವವರು, ಇಳಿಸುವ ಮುಂಚೆ ಆಕೆಯ ಚೀಟಿ ನೋಡುತ್ತಾರೆಯೇ?

ಪೊರೆ ಆಪರೇಷನ್ ಅಂದರೆ ನಮ್ಮ ಜನ ಹೆದರುವುದು ಕತ್ತರಿಗೆ. ಅದಕ್ಕೂ ಮೊದಲು ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಯಾರ ಲೆಕ್ಕದಲ್ಲೂ ಇಲ್ಲ. ಆದರೆ ಗುಡ್ಡೆಯ ಪಕ್ಕದಿಂದ ಕಣ್ಣಿನ ಗೂಡಿನೊಳಗೆ, ಕಾಣದ ಕಡೆಗೆ ಹೋಗುವುದು ಆ ಸೂಜಿಯೇ. ಕೈಯ ಅಂದಾಜೇ ಅದಕ್ಕೆ ದಾರಿ. ಸಾಮಾನ್ಯ ಕಣ್ಣಿನ ಗುಡ್ಡೆ ಸುಮಾರು 23 ಮಿಲಿಮೀಟರ್ ಉದ್ದ. ದೊಡ್ಡ ಮೈನಸ್ ನಂಬರಿನ ಕನ್ನಡಕ ಹಾಕಿದವರಲ್ಲಿ ಅದು 26 ದಾಟಿ ಹಿಂದಕ್ಕೆ ಚಾಚಿಕೊಂಡಿರುತ್ತದೆ, ಗೋಡೆ ತೆಳ್ಳಗಾಗಿರುತ್ತದೆ. ಅಂಥ ಗುಡ್ಡೆಗೆ ಸೂಜಿ ಚುಚ್ಚಿಕೊಂಡರೆ ಒಳಗೆ ರಕ್ತ ತುಂಬುತ್ತದೆ, ರೆಟಿನಾ ಕಳಚಿಕೊಳ್ಳಬಹುದು. ನರಕ್ಕೆ ತಗುಲಿದರೆ ದೃಷ್ಟಿಯೇ ಹೋಗಬಹುದು. ಗೂಡಿನೊಳಗೆ ರಕ್ತನಾಳ ಒಡೆದರೆ ಕಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿ ಮುಂದಕ್ಕೆ ದೂಡಿಕೊಂಡು ಬರುತ್ತದೆ. ಆ ಒತ್ತಡಕ್ಕೆ ರೆಟಿನಾಕ್ಕೆ ರಕ್ತ ಹರಿಯುವುದು ನಿಂತು ಒಂದೂವರೆ ಗಂಟೆ ಕಳೆಯಿತೆಂದರೆ ಆಮೇಲೆ ಯಾವ ದೊಡ್ಡಾಸ್ಪತ್ರೆಗೆ ಓಡಿದರೂ ಹೆಚ್ಚು ಪ್ರಯೋಜನವಿಲ್ಲ.

ಇದು ಅಪರೂಪ, ಒಪ್ಪುತ್ತೇನೆ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಒಳಗೆ ಕೂರಿಸುವ ಲೆನ್ಸಿನ ಪವರ್ ಗೊತ್ತುಮಾಡಲು ಗುಡ್ಡೆಯ ಉದ್ದವನ್ನು ಮೊದಲೇ ಅಳೆದಿರುತ್ತಾರೆ. ಆ ಅಂಕಿ ಚೀಟಿಯಲ್ಲೇ ಇರುತ್ತದೆ. ಲೆನ್ಸ್ ಆರಿಸುವಾಗ ನೋಡಿದ್ದನ್ನು ಸೂಜಿ ಹಿಡಿದಾಗ ನೋಡದಿದ್ದರೆ ಅದನ್ನು ವಿಧಿ ಎನ್ನಲಾದೀತೇ?

ಕಣ್ಣಿಗೆ ಕೊಕೇನ್ ಹನಿ ಹಾಕಿ ನೋವು ಮರೆಸಬಹುದೆಂದು ವಿಯೆನ್ನಾದ ಕಾರ್ಲ್ ಕೋಲರ್ ತೋರಿಸಿದ್ದು 1884ರಲ್ಲಿ. ಕಣ್ಣಿನ ಹಿಂದಕ್ಕೆ ಇಂಜೆಕ್ಷನ್ ಕೊಡುವುದೂ ಅದೇ ವರ್ಷ ಶುರುವಾಯಿತು. ರೋಗಿಗೆ ಮೇಲಕ್ಕೆ, ಮೂಗಿನ ಕಡೆಗೆ ನೋಡಲು ಹೇಳಿ ಚುಚ್ಚುವ ಪದ್ಧತಿ ದಶಕಗಳ ಕಾಲ ನಡೆಯಿತು. ಹಾಗೆ ನೋಡಿದಾಗ ಕಣ್ಣಿನ ನರವೇ ಸೂಜಿಯ ದಾರಿಗೆ ಬಂದು ನಿಲ್ಲುತ್ತದೆಂದು 1981ರಲ್ಲಿ ಸ್ಕ್ಯಾನ್‌ಗಳು ತೋರಿಸಿದವು. ಅದಕ್ಕೆ ದಾರಿಗಳೂ ಇವೆ: ನೇರ ನೋಟ, ಗಿಡ್ಡ ಸೂಜಿ, ಇಲ್ಲವೇ ಮೊಂಡು ತುದಿಯ ನಳಿಕೆಯಿಂದ ಗುಡ್ಡೆಯ ಹೊದಿಕೆಯಡಿ ಔಷಧಿ ಬಿಡುವುದು; ಕೆಲವು ಆಪರೇಷನ್‌ಗಳಿಗೆ ಬರೀ ಹನಿ ಸಾಕು. ಇದೆಲ್ಲ ಪಠ್ಯಪುಸ್ತಕದಲ್ಲಿರುವ ವಿದ್ಯೆ.

2019ರ ಜುಲೈಯಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರ ದೃಷ್ಟಿ ಹೋದಾಗ ನಾಡೆಲ್ಲ ಗದ್ದಲವಾಯಿತು. ಅಲ್ಲಿ ದೂರು ಬಂದದ್ದು ಆಪರೇಷನ್ನಿಗೆ ಬಳಸಿದ ಜೆಲ್ ಮೇಲೆ. ಹಲವರಿಗೆ ಒಟ್ಟಿಗೇ ಆದದ್ದರಿಂದ ಸುದ್ದಿಯಾಯಿತು. ಸೂಜಿ ಕಳೆಯುವ ಕಣ್ಣು ಒಂದೊಂದೇ. ಆ ಒಬ್ಬರು ಮನೆಗೆ ಬಂದು, "ನಾ ಪಡೆದದ್ದೇ ಇಷ್ಟು" ಅಂತ ಜಗಲಿಯ ಮೂಲೆ ಹಿಡಿಯುತ್ತಾರೆ. ಯಾವ ಪತ್ರಿಕೆಗೂ ಅದು ಗೊತ್ತಾಗುವುದಿಲ್ಲ.

ಬೀಳಗಿಯ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ದಿನಕ್ಕೆ ನೂರಾರು ಜನರ ಪೊರೆ ತೆಗೆದರು. ವೈದ್ಯರಿಲ್ಲದ ಕಾಲಕ್ಕೆ ಅದು ದೊಡ್ಡ ಪುಣ್ಯದ ಕೆಲಸ. ಅವರಿಂದ ನಾವು ಕಲಿಯಬೇಕಾದದ್ದು ಬಡವರ ಮನೆ ಬಾಗಿಲಿಗೆ ಹೋಗುವ ಮನಸ್ಸನ್ನು. ನಾವು ಉಳಿಸಿಕೊಂಡದ್ದು ಲೆಕ್ಕವನ್ನು ಮಾತ್ರ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಕ್ಯಾಂಪ್ ಏರ್ಪಡಿಸುವ ಮಹನೀಯರೇ, ಬ್ಯಾನರಿನಲ್ಲಿ "ಇಷ್ಟು ಜನರಿಗೆ ಉಚಿತ" ಎಂದು ಬರೆಸುತ್ತೀರಿ. ಅವರಲ್ಲಿ ಎಷ್ಟು ಮಂದಿಗೆ ತಿಂಗಳ ಮೇಲೆ ಕಣ್ಣು ಕಾಣುತ್ತಿದೆ ಎಂಬುದನ್ನೂ ಬರೆಸಿ. ಉಚಿತ ಎಂದ ಮಾತ್ರಕ್ಕೆ ಕೇಳುವ ಹಕ್ಕು ಹೋಗುವುದಿಲ್ಲ.

ಅಪ್ಪ ಅಮ್ಮನನ್ನು ಶಿಕಾರಿಪುರಕ್ಕೋ ಸೊರಬಕ್ಕೋ ಶಿವಮೊಗ್ಗಕ್ಕೋ ಕರೆದೊಯ್ಯುವ ಮಕ್ಕಳೇ, ಅವರ ಹಳೇ ಕನ್ನಡಕ ಮರೆಯದೆ ಒಯ್ಯಿರಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ನೀವಾಗಿ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ. ಇನ್ನೊಂದು ಕಣ್ಣು ಮೊದಲೇ ಹೋಗಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. "ಗುಡ್ಡೆ ಎಷ್ಟು ಉದ್ದ ಇದೆ ಸರ್, ಇಂಜೆಕ್ಷನ್ ಇಲ್ಲದೆ ಆಗ್ತದಾ?" ಎಂದು ಕೇಳಲು ನಾಚಬೇಡಿ.

ಡಾಕ್ಟರರೇ, ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಕೈ ತಪ್ಪೀತು, ನೀವೂ ಮನುಷ್ಯರೇ. ಚುಚ್ಚಿದ ಕೂಡಲೇ ರೋಗಿ ತಡೆಯಲಾರದ ನೋವೆಂದು ಕೂಗಿದರೆ, ಗುಡ್ಡೆ ಮೆತ್ತಗಾದರೆ, ಕಲ್ಲಾದರೆ, ಅಲ್ಲಿಗೇ ನಿಲ್ಲಿಸಿ. ಆದದ್ದನ್ನು ಮನೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಅದೇ ದಿನ ರೆಟಿನಾ ತಜ್ಞರ ಹತ್ತಿರ ಕಳಿಸಿ. "ನರ ವೀಕಾಗಿತ್ತು" ಎಂದು ಪಟ್ಟಿ ಕಟ್ಟಿ ಅವರನ್ನು ಶಿರಾಳಕೊಪ್ಪದ ಬಸ್ ಹತ್ತಿಸಬೇಡಿ.