ತಾರ್ಲೆಯ ನಾಳೆ ಲೆಕ್ಕಕ್ಕೆ ಸಿಗುವುದೇ?

ಕಾರವಾರ–ಅಂಕೋಲಾ ನಡುವಿನ ತೋಡೂರಿನಂಥ ಊರುಗಳಲ್ಲಿ ತಾರ್ಲೆ ಬಡವರ ಮೀನು. ಮಂಗಳೂರಿನವರು ಇದನ್ನು ಬೂತಾಯಿ ಎನ್ನುತ್ತಾರೆ. ಒಂದು ವರ್ಷ ರಾಶಿ ಬೀಳುವ ಈ ಮೀನು ಇನ್ನೊಂದು ವರ್ಷ ನಾಪತ್ತೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ, 2021ರಲ್ಲಿ ಮೂರೂವರೆ ಸಾವಿರ ಟನ್‌ಗಿಂತ ಕೆಳಗಿಳಿದು, ನಂತರ ಚೇತರಿಸಿಕೊಂಡಿತು. ಇದಕ್ಕೆಲ್ಲ ಹವಾಮಾನ ಬದಲಾವಣೆಯೇ ಕಾರಣವೇ?

ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿಯುವ ಹೆಚ್ಚುವರಿ ಶಾಖದ ಶೇ 90ರಷ್ಟನ್ನು ಸಮುದ್ರವೇ ನುಂಗುತ್ತಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ನಾವು ಉಗುಳುವ ಇಂಗಾಲದ ಡೈಆಕ್ಸೈಡ್‌ನ ಕಾಲು ಭಾಗವೂ ಸಮುದ್ರ ಸೇರಿ ನೀರಿನ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ. ಇದರಿಂದ ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ ಕಷ್ಟ.

ಮೀನಿನ ಮೇಲೆ ಇದರ ಪರಿಣಾಮ ತಿಳಿಯಲು ವಿಜ್ಞಾನಿಗಳು ಗಣಿತದ ಮಾದರಿ ಕಟ್ಟುತ್ತಾರೆ. ಹಿಂದೆ ಮೀನು ಸಿಕ್ಕ ಜಾಗಗಳಲ್ಲಿ ಉಷ್ಣತೆ, ಉಪ್ಪಿನಂಶ, ಆಮ್ಲಜನಕ, ಪ್ಲವಕಗಳ ಪ್ರಮಾಣ ಎಷ್ಟಿತ್ತು ಎಂಬುದರಿಂದ ಸಂಬಂಧ ಗುರುತಿಸುತ್ತಾರೆ. ಬಳಿಕ, ಅನಿಲಗಳ ಹೊರಸೂಸುವಿಕೆ ತಗ್ಗಿದರೆ ಏನು, ಹೀಗೇ ಮುಂದುವರಿದರೆ ಏನು ಎಂದು ಲೆಕ್ಕ ಹಾಕುತ್ತಾರೆ. ಅಂದರೆ ಇದು ಭವಿಷ್ಯವಾಣಿಯಲ್ಲ. ‘ಹೀಗಾದರೆ ಹೀಗೆ’ ಎಂಬ ಎಚ್ಚರಿಕೆ.

ಆದರೆ ಬಲೆಯನ್ನು ಮರೆತ ಮಾದರಿ ದಾರಿ ತಪ್ಪಿಸುತ್ತದೆ. ಬೂತಾಯಿ ಕುಸಿತಕ್ಕೆ 2015ರ ಎಲ್ ನಿನೊ ಜೊತೆಗೆ ಅತಿಯಾದ ಮೀನುಗಾರಿಕೆ, ಮರಿಮೀನುಗಳ ಬೇಟೆಯನ್ನೂ ತಜ್ಞರು ಹೆಸರಿಸಿದ್ದಾರೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ನಮ್ಮ ತಪ್ಪು ಮುಚ್ಚಿಹೋಗುತ್ತದೆ. ಹವಾಮಾನವನ್ನು ಕೈಬಿಟ್ಟರೆ ಮೀನುಗಾರರೊಬ್ಬರೇ ಅಪರಾಧಿಗಳಾಗುತ್ತಾರೆ.

ಇದು ಪ್ರಯೋಗಾಲಯಕ್ಕಷ್ಟೇ ಸೇರಿದ ಮಾತಲ್ಲ. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಮೀನುಗಳ ಸಂತಾನೋತ್ಪತ್ತಿಗೆ ಅವಕಾಶ ಕೊಡುವುದು ಇದರ ಒಂದು ಉದ್ದೇಶ. ಸಮುದ್ರ ಬಿಸಿಯಾಗಿ ಮೊಟ್ಟೆಯಿಡುವ ಕಾಲವೇ ಹಿಂದುಮುಂದಾದರೆ ಆ 61 ದಿನಗಳ ತ್ಯಾಗಕ್ಕೆ ತಕ್ಕ ಫಲ ಸಿಕ್ಕೀತೇ? ಸಾಲ ಮಾಡಿ ದೋಣಿ ಕೊಂಡವರಿಗೆ ಇದು ಅನ್ನದ ಪ್ರಶ್ನೆ.

ಉತ್ತರ ಬೇಕಾದರೆ ನಮ್ಮ ಕಡಲಿನದೇ ಅಂಕಿಅಂಶ ವರ್ಷಾನುಗಟ್ಟಲೆ ಬೇಕು. ಕಾರವಾರದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಜೀವಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ, ಒಂದಿಷ್ಟು ಕೋಡಿಂಗ್ ಕಲಿತ ಯುವಜನರಿಗೆ ಇಲ್ಲಿ ಕೆಲಸವಿದೆ. ಬಂದರಿನಲ್ಲಿ ನಿಂತು ಇಂದಿನ ಮೀನು ಎಣಿಸುವವರಿದ್ದರೆ ಮಾತ್ರ ನಾಳೆಯ ಮೀನಿನ ಲೆಕ್ಕ ಸಿಗುತ್ತದೆ.