ನಾಯಿ ಗಾಡಿಯಲ್ಲಿ, ನಾವು ಫಾಲ್ಸ್‌ನಲ್ಲಿ

ಲ್ಯಾಬ್ ಎಕ್ಸಾಮ್ ಮುಗಿದ ಮಾರನೇ ದಿನ ಸಕಲೇಶಪುರಕ್ಕೆ ಪ್ಲಾನ್ ಹಾಕದ ಬ್ಯಾಚ್ ನಮ್ಮ ಕ್ಯಾಂಪಸ್ಸಿನಲ್ಲಿ ಇಲ್ಲವೇ ಇಲ್ಲ. ಹೆತ್ತೂರಿನ ಹತ್ತಿರ ಮೂಕನಮನೆ ಫಾಲ್ಸ್, ಅಲ್ಲಿಂದ ವಣಗೂರು ಕಡೆ ಹೋಗಿ ಪಟ್ಲ ಬೆಟ್ಟ, ಆಮೇಲೆ ಬಿಸಿಲೆ ಘಾಟಿಯ ವ್ಯೂ ಪಾಯಿಂಟ್, ಟೈಮ್ ಉಳಿದರೆ ಘಾಟಿ ಇಳಿದು ಕುಕ್ಕೆ ಸುಬ್ರಹ್ಮಣ್ಯ. ಈ ರೂಟು ಎಲ್ಲರಿಗೂ ಬಾಯಿಪಾಠ. ಈಚೆಗೆ ಈ ಪ್ಲಾನಿಗೆ ಒಬ್ಬ ಹೊಸ ಮೆಂಬರ್ ಸೇರಿಕೊಂಡಿದ್ದಾನೆ. ರೂಮ್‌ಮೇಟ್ ಸಾಕಿದ ನಾಯಿ.

ಜೊತೆಗೆ ಕ್ಯಾಂಪರ್ ವ್ಯಾನ್ ಕೂಡ ಬಂದಿದೆ. ಟೆಂಪೋ ಟ್ರಾವೆಲರ್‌ಗೆ ಮಂಚ, ಸಿಂಕು, ಫ್ಯಾನು, ಒಂದು ಪುಟ್ಟ ಫ್ರಿಜ್ಜು ಕೂರಿಸಿದರೆ ಅದೇ ಮನೆ. ನಮ್ಮ ರಾಜ್ಯದ 2020–26ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರಾವಾನ್ ಪ್ರವಾಸಕ್ಕೆ ಜಾಗ ಇತ್ತು. ಎಂಟು ಜನ ದುಡ್ಡು ಹಾಕಿದರೆ ಬಾಡಿಗೆ ಭಾರ ಅನ್ನಿಸಲ್ಲ. ನಾಯಿ ಇರೋರಿಗಂತೂ ಇದು ವರ. ಹೋಂಸ್ಟೇಯವರು 'ನಾಯಿ ಬೇಡ' ಅಂದರೂ ತಲೆಕೆಡಿಸಿಕೊಳ್ಳೋ ಹಾಗಿಲ್ಲ.

ನಾಯಿ ಬರಬಾರದು ಅಂತ ನಾವು ಹೇಳುತ್ತಿಲ್ಲ. ನಮ್ಮ ತಕರಾರು ಒಂದೇ ವಿಷಯಕ್ಕೆ. ಫಾಲ್ಸ್ ಹತ್ತಿರ ಬಂದ ಮೇಲೆ ಎಲ್ಲರೂ ಇಳಿದು, ಕಿಟಕಿ ಎರಡು ಬೆರಳು ತೆಗೆದಿಟ್ಟು, 'ಹತ್ತೇ ನಿಮಿಷ ಕಣೋ, ಬಂದ್ವಿ' ಅಂತ ನಾಯಿಗೆ ಹೇಳಿ ಲಾಕ್ ಒತ್ತಿ ಹೋಗ್ತೀವಲ್ಲ, ಅದಕ್ಕೆ.

ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: 'ಮಲೆನಾಡು ಮಾರಾಯ, ಇಲ್ಲೇನು ಬಳ್ಳಾರಿ ಬಿಸಿಲಾ?' ಈ ಉತ್ತರವೇ ಅಪಾಯ. ಬಳ್ಳಾರಿಯಲ್ಲಿ ಯಾರೂ ಮಧ್ಯಾಹ್ನ ನಾಯಿಯನ್ನು ಕಾರಿನಲ್ಲಿ ಬಿಟ್ಟು ಹೋಗಲ್ಲ, ಮೈ ಸುಟ್ಟು ಗೊತ್ತಿರುತ್ತೆ. ಹೆತ್ತೂರಿನಲ್ಲಿ ಜರ್ಕಿನ್ ಹಾಕ್ಕೊಂಡು ಗಾಡಿಯಿಂದ ಇಳಿದವನಿಗೆ ಗಾಡಿ ಒಳಗೆ ಬಿಸಿಯಾಗುತ್ತೆ ಅಂತ ಹೊಳೆಯೋದೇ ಇಲ್ಲ.

2005ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಮೆಕ್‌ಲಾರೆನ್ ಮತ್ತು ಸಂಗಡಿಗರ ಅಧ್ಯಯನ ಬಂತು. ನಿಲ್ಲಿಸಿದ ಕಾರನ್ನು ಬಿಸಿಲಿನ ಬೇರೆ ಬೇರೆ ದಿನಗಳಲ್ಲಿ ಅಳೆದು ನೋಡಿದ್ದರು. ಅವರ ದಿನಗಳಲ್ಲಿ ತೀರಾ ತಂಪಾಗಿದ್ದದ್ದು ಸುಮಾರು 22 ಡಿಗ್ರಿ ಸೆಲ್ಸಿಯಸ್ಸಿನ ದಿನ. ಅಂಥ ಹವೆಯಲ್ಲೂ ಕಾರಿನ ಒಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಮುಟ್ಟುತ್ತೆ ಅಂತ ಅವರ ಲೆಕ್ಕ. ಏರಿಕೆಯ ಶೇಕಡ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಟ್ಟಿತ್ತು. ಕಿಟಕಿ ಸ್ವಲ್ಪ ತೆಗೆದಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 22 ಡಿಗ್ರಿ ಅಂದರೆ ನಮ್ಮ ಹೆತ್ತೂರಿನ ಚಳಿಗಾಲದ ಒಂದು ಒಳ್ಳೇ ಬೆಳಗ್ಗೆ, ಹತ್ತು ಗಂಟೆ ಹೊತ್ತು. ನಾವೆಲ್ಲ 'ಎಂಥಾ ವೆದರ್' ಅಂತ ಸ್ಟೇಟಸ್ ಹಾಕೋ ಹವೆ.

ನಂಬಿಕೆ ಬರದಿದ್ದರೆ ಫಸ್ಟ್ ಇಯರ್ ಲೆಕ್ಕ ಮಾಡಿ. ಮೋಡವಿಲ್ಲದ ನಡುಹಗಲಲ್ಲಿ ಒಂದು ಚದರ ಮೀಟರಿಗೆ ಬೀಳೋ ಬಿಸಿಲು ಸುಮಾರು 1000 ವ್ಯಾಟ್. ಗಾಜುಗಳಿಂದ ಒಳಗೆ 700 ವ್ಯಾಟ್ ಬಂತು ಅಂತ ಇಟ್ಟುಕೊಳ್ಳಿ. ಕಾರಿನೊಳಗಿನ ಗಾಳಿ ಮೂರು ಘನ ಮೀಟರ್, ತೂಕ ಮೂರೂವರೆ ಕೆ.ಜಿ. ಚಿಲ್ಲರೆ. ಆ ಶಾಖವೆಲ್ಲ ಗಾಳಿಗೇ ಹೋದರೆ ಐದು ಸೆಕೆಂಡಿಗೆ ಒಂದು ಡಿಗ್ರಿ ಏರಬೇಕು! ಹಾಗಾಗಲ್ಲ, ಸೀಟು, ಡ್ಯಾಶ್‌ಬೋರ್ಡು ಮೊದಲು ಕುಡಿದುಕೊಳ್ಳುತ್ತವೆ, ಬಾಡಿಯಿಂದ ಹೊರಕ್ಕೂ ಸೋರುತ್ತೆ. ಅದಕ್ಕೇ ಒಂದೆರಡು ನಿಮಿಷದ ಬದಲು ಅರ್ಧ ಗಂಟೆ ಹಿಡಿಯೋದು. ಬೆಳಕಾಗಿ ಒಳಬಂದದ್ದು ಶಾಖವಾಗಿ ಅದೇ ಗಾಜಿನಿಂದ ವಾಪಸ್ ಹೋಗಲ್ಲ ಅನ್ನೋದನ್ನು ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ಐದು ಮಾರ್ಕ್ಸಿಗೆ ಬರೆದು ಬಂದವರೇ ಪಾರ್ಕಿಂಗಿನಲ್ಲಿ ಮರೆಯೋದು ತಮಾಷೆ.

'ನೆರಳಲ್ಲಿ ನಿಲ್ಲಿಸಿದ್ವಿ' ಅನ್ನೋದು ಮುಂದಿನ ಮಾತು. ಕಾಫಿ ತೋಟದ ಬದಿಯಲ್ಲಿ ಸಿಗೋದು ಹೆಚ್ಚಾಗಿ ಸಿಲ್ವರ್ ಓಕ್ ನೆರಳು. ಉದ್ದ, ಸಪೂರ. ಸೂರ್ಯ ಗಂಟೆಗೆ 15 ಡಿಗ್ರಿ ಜರುಗುತ್ತಾನೆ, ಅವನ ಜೊತೆ ನೆರಳೂ. ನೀವು ಫಾಲ್ಸ್ ನೋಡಿ ಬರೋಷ್ಟರಲ್ಲಿ ಅದು ಪಕ್ಕದ ಗಾಡಿಯ ಪಾಲಾಗಿರುತ್ತೆ.

ಕ್ಯಾಂಪರ್ ಬೇರೆ, ಅದರಲ್ಲಿ ಏಸಿ ಇರುತ್ತೆ ಅಂತೀರಾ. ಸರಿ, ಅದನ್ನೂ ನೋಡೋಣ. ಒಂದು ಟನ್ ಏಸಿ ಎಳೆಯೋದು ಸುಮಾರು ಒಂದು ಕಿಲೋವ್ಯಾಟ್. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರೋದು 2.4 ಯೂನಿಟ್. ಇನ್ವರ್ಟರ್ ತಿಂದು ಉಳಿದದ್ದು ಎರಡು ಗಂಟೆ ಬಂದರೆ ಪುಣ್ಯ. ಅದೂ ಹಿಂದಿನ ರಾತ್ರಿ ಯಾರೂ ಸ್ಪೀಕರು, ಫೋನು, ಕೆಟಲ್ಲು ಚುಚ್ಚದೇ ಇದ್ದರೆ. ಇಂಜಿನ್ ಚಾಲೂ ಇಟ್ಟು ಹೋಗೋಣ ಅಂದರೆ ಹೊಗೆಯ ಅಪಾಯ, ಕಳ್ಳರ ಅಪಾಯ ಎರಡೂ ಇವೆ. ಅಮೆರಿಕದಲ್ಲಿ ಪೊಲೀಸ್ ನಾಯಿಗಳ ಗಾಡಿಗಳಿಗೆ ಶಾಖದ ಅಲಾರಂ ಕೂರಿಸಿದ ಮೇಲೂ ಏಸಿ ಕೈಕೊಟ್ಟು ನಾಯಿಗಳು ಸತ್ತದ್ದಿದೆ.

ಇನ್ನು ನಮ್ಮವರ ಮೆಚ್ಚಿನ ಪರಿಹಾರ: ಒಂದು ಸೆನ್ಸರ್, ಒಂದು ಸಿಮ್, ಒಂದು ಆ್ಯಪ್. ಮಿನಿ ಪ್ರಾಜೆಕ್ಟಿಗೆ ಚೆನ್ನಾಗಿದೆ, ಮಾಡಿ. ಟೆಸ್ಲಾದವರು 2019ರಲ್ಲೇ ಕಾರಿಗೆ 'ಡಾಗ್ ಮೋಡ್' ಕೊಟ್ಟರು, ನಿಂತ ಕಾರಿನಲ್ಲೂ ಏಸಿ ಓಡಿಸಿ ಒಳಗಿನ ಡಿಗ್ರಿಯನ್ನು ಪರದೆ ಮೇಲೆ ತೋರಿಸೋ ವ್ಯವಸ್ಥೆ. ಆದರೆ ಹೆತ್ತೂರು ದಾಟಿ ಬಿಸಿಲೆ ಕಡೆ ಹೋದವರಿಗೆ ಗೊತ್ತು, ಎಷ್ಟೋ ತಿರುವುಗಳಲ್ಲಿ ಫೋನಿಗೆ ಒಂದು ಕಡ್ಡಿ ಸಿಗ್ನಲ್ಲೂ ಇರಲ್ಲ. ಅಲಾರಂ ಗಾಡಿಯಲ್ಲಿ ಹೊಡ್ಕೊಳ್ತಾ ಇರುತ್ತೆ, ನೀವು ನೀರಿನ ಸದ್ದಿನಲ್ಲಿ ರೀಲ್ಸ್ ತೆಗೀತಾ ಇರ್ತೀರಿ. ಮೆಸೇಜು ಬರೋದು ಸಂಜೆ, ಸಕಲೇಶಪುರದಲ್ಲಿ.

ನಾಯಿಯ ಮೈ ನಮ್ಮ ಮೈ ಹಾಗಲ್ಲ. ಅದಕ್ಕೆ ಬೆವರೋದು ಅಂಗಾಲಿನಲ್ಲಿ ಮಾತ್ರ ಅನ್ನಬಹುದು. ಮೈ ತಣಿಸಿಕೊಳ್ಳೋಕೆ ಏದುಸಿರು ಬಿಡಬೇಕು, ಬಾಯಿ ಗಂಟಲಿನ ನೀರು ಆವಿಯಾಗಬೇಕು. ಮಲೆನಾಡಿನ ಗಾಳಿಯಲ್ಲಿ ಮೊದಲೇ ತೇವ. ಮುಚ್ಚಿದ ಗಾಡಿಯಲ್ಲಿ ನಾಯಿ ಏದಿದಷ್ಟೂ ತೇವ ಹೆಚ್ಚುತ್ತೆ, ತೇವ ಹೆಚ್ಚಿದಷ್ಟೂ ಏದಿದ್ದು ವ್ಯರ್ಥ. ಅದರ ಸಹಜ ಶಾಖ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೇ ಅಪಾಯ. ನಡುವೆ ಇರೋದು ಎರಡೇ ಡಿಗ್ರಿ. ಪಗ್, ಶಿಟ್ಜು, ಬುಲ್‌ಡಾಗ್‌ನಂಥ ಮೊಂಡು ಮೂಗಿನವಕ್ಕೆ ಇನ್ನೂ ಕಷ್ಟ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಹಸ್ಕಿ ಸಾಕೋರ ಬಗ್ಗೆ ಬೇರೆ ಲೇಖನವೇ ಬೇಕು.

ಹೋದ ಬೇಸಿಗೆಯಲ್ಲಿ ನಾವು ಕೆಲವರು ಹೆತ್ತೂರಿನಲ್ಲಿ ಟೀಗೆ ನಿಂತಿದ್ದೆವು. ಎದುರಿಗೆ ಒಂದು ಬಿಳೀ ವ್ಯಾನು, ಪರದೆ ಎಳೆದಿತ್ತು. ಟೀ ಅಂಗಡಿಯ ಅಕ್ಕ ಕೇಳಿದರು, 'ಏನ್ರಪ್ಪಾ, ಆ ನಾಯಿ ನಿಮ್ಮದಾ?'

'ಇಲ್ಲ ಅಕ್ಕಾ, ನಾವು ಕಾಲೇಜಿಂದ ಬಂದಿರೋದು.'

'ಆಗ್ಲಿಂದ ಬೊಗಳ್ತಾ ಇತ್ತು. ಈಗ ಸುಮ್ಕಾಗೈತೆ. ಅದ್ಕೇ ಭಯ ನನಗೆ.'

ನಾವು ಯಾರೂ ಯೋಚಿಸದಿದ್ದ ಮಾತು ಅದು. ಬೊಗಳೋ ನಾಯಿ ಗಟ್ಟಿಯಾಗಿದೆ ಅಂತ ಅರ್ಥ, ಸುಮ್ಮನಾದದ್ದಕ್ಕೆ ಹೆದರಬೇಕು. ಗಾಡಿಯವರು ಐದಾರು ನಿಮಿಷದಲ್ಲಿ ದಿನಸಿ ಹಿಡ್ಕೊಂಡು ಬಂದರು. ನಾಯಿ ಇಳಿದು ಅಂಗಡಿಯ ಬಕೆಟ್ಟಿಗೇ ಮೂತಿ ಹಾಕಿ ಕುಡಿಯಿತು. ಎಲ್ಲರ ನಾಯಿಗೂ ಆ ಅದೃಷ್ಟ ಇರಲ್ಲ. 2022ರಲ್ಲಿ ಆಗ್ರಾದಲ್ಲಿ ಪ್ರವಾಸಿಗಳು ತಾಜ್ ಮಹಲ್ ನೋಡೋಕೆ ಹೋದಾಗ ಪಾರ್ಕಿಂಗಿನ ಕಾರಿನಲ್ಲಿ ಬಿಟ್ಟಿದ್ದ ನಾಯಿ ಅಲ್ಲೇ ಸತ್ತಿತು.

ಕಾನೂನು ಕೇಳಬೇಡಿ, ನಗು ಬರುತ್ತೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಕ್ಯಾಂಟೀನಿನ ಒಂದು ಮಸಾಲೆ ದೋಸೆ. ಪ್ರಾಣಿಯನ್ನು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ, ಆದರೆ ಬೇಕಂತಲೇ ಅಥವಾ ಗೊತ್ತಿದ್ದೇ ಮಾಡಿದ್ದು ಅಂತ ಸಾಬೀತಾಗಬೇಕು. 'ಹತ್ತೇ ನಿಮಿಷ ಅಂದ್ಕೊಂಡಿದ್ವಿ ಸಾರ್' ಅಂದವನನ್ನು ಅದರಡಿ ಹಿಡಿಯೋದು ಕಷ್ಟ.

ಹಾಗಾದರೆ ಹೊರಗೆ ಮರಕ್ಕೆ ಕಟ್ಟಿ ಹೋಗಬಹುದಲ್ವಾ? ಹೆತ್ತೂರು ಕಡೆ ಅದೂ ಬೇಡ. ಚಿರತೆಗೆ ನಾಯಿ ಅಂದರೆ ಇಷ್ಟದ ಊಟ, ತೋಟದವರು ಕತ್ತಲಾದರೆ ತಮ್ಮ ನಾಯಿಗಳನ್ನೇ ಒಳಗೆ ಕರ್ಕೊಳ್ತಾರೆ. ಇನ್ನು ಆನೆ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆ ಜೊತೆ ಕಾದಾಡಿ ಸತ್ತದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ. ಬಿಟ್ಟ ನಾಯಿ ಆನೆಯನ್ನು ಕಂಡರೆ ಬೊಗಳಿ ಕೆಣಕುತ್ತೆ, ಅದು ತಿರುಗಿಬಿದ್ದರೆ ಓಡಿ ಬರೋದು ಯಜಮಾನನ ಹತ್ತಿರವೇ, ಆನೆಯನ್ನು ಹಿಂದೆ ಹಾಕ್ಕೊಂಡು.

ಉಳಿಯೋದು ಒಂದೇ ದಾರಿ, ಯಾರಿಗೂ ಇಷ್ಟವಾಗದ್ದು. ಒಬ್ಬರು ನಾಯಿ ಜೊತೆ ಉಳೀಬೇಕು. ಬಾಗಿಲು ತೆಗೆದು, ನೀರಿಟ್ಟು, ಬಳ್ಳಿ ಕೈಯಲ್ಲಿ ಹಿಡಿದು, ನೆರಳು ಜರುಗಿದ ಹಾಗೆ ತಾವೂ ಜರುಗಿ. ಯಾರು ಅನ್ನೋದರ ಮೇಲೆ ಜಗಳ ಆಗುತ್ತೆ. 'ನಾಯಿ ಅವನದು, ಅವನೇ ಇರಲಿ' ಅನ್ನೋದು ಸುಲಭ. ನಮಗೆ ಅದು ಸರಿ ಕಾಣಲ್ಲ. ದಾರಿಯುದ್ದಕ್ಕೂ ಎಂಟೂ ಜನ ತೊಡೆ ಮೇಲೆ ಕೂರಿಸಿಕೊಂಡು ಸೆಲ್ಫಿ ತೆಗೆದುಕೊಂಡಿರ್ತಾರೆ, ಪಾಳಿಯೂ ಎಂಟೂ ಜನರದ್ದು. ಫಾಲ್ಸಿಗೆ ಎರಡು ಗುಂಪಾಗಿ ಹೋಗಿ. ಪಟ್ಲ ಬೆಟ್ಟಕ್ಕೆ ಜೀಪಿನಲ್ಲಿ ಹತ್ತೋದಾದರೆ ಇಬ್ಬರು ಕೆಳಗೆ ಉಳೀಲಿ, ಒಬ್ಬರಿಗೇ ಬೇಜಾರಾಗುತ್ತೆ. ದೇವಸ್ಥಾನಕ್ಕೂ ಅಷ್ಟೇ. ಪಾಳಿಗೆ ಒಪ್ಪದ ಬ್ಯಾಚಾದರೆ ನಾಯಿ ಊರಲ್ಲಿ ಅಮ್ಮನ ಹತ್ತಿರವೇ ಇರಲಿ, ಅದಕ್ಕೆ ವ್ಯೂ ಪಾಯಿಂಟಿನ ಆಸೆಯೇನೂ ಇಲ್ಲ.

ಬೇರೆಯವರ ಗಾಡಿಯಲ್ಲಿ ನಾಯಿ ಕಂಡರೆ? ಗಾಡಿ ನಂಬರ್ ಹಿಡಿದು ಅಂಗಡಿ, ಹೋಟೆಲುಗಳಲ್ಲಿ ಕೂಗಿ ಕೇಳಿ. ಊರವರನ್ನು ಸೇರಿಸಿಕೊಳ್ಳಿ, 112ಕ್ಕೆ ಫೋನ್ ಮಾಡಿ. ನಾಯಿ ಜೊಲ್ಲು ಸುರಿಸಿ ತೂರಾಡುತ್ತಿದ್ದರೆ ಹೊರಗೆ ಬಂದ ತಕ್ಷಣ ನೆರಳಿಗೆ ತಂದು ಮೈಮೇಲೆ, ಹೊಟ್ಟೆಗೆ, ಕಾಲಿಗೆ ನೀರು ಸುರಿದು ಗಾಳಿ ಬೀಸಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತೆ. ಪಶುವೈದ್ಯರ ಹತ್ತಿರ ಓಡೋದು ಅದಾದ ಮೇಲೆ. ಇಲ್ಲಿಂದ ಸಕಲೇಶಪುರದ ತನಕ ತಿರುವಿನ ರಸ್ತೆ, ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯುತ್ತೆ. ಹೋಗುವಾಗ ಕಿಟಕಿಗಳು ಪೂರ್ತಿ ಕೆಳಗಿರಲಿ.